ಅಂಚಿಗೆ ಸರಿದ ರೂಪಾಯಿ

ಬಸ್ಸಿನಲ್ಲಿ ವಾಂತಿ ಮಾಡಿಕೊಂಡವರ ಸೀಟಿಗೆ ಮಣ್ಣು ಹಾಕಿ ಒರೆಸಿದ್ದೇನೆ, ಕುಡಿದು ಬಿದ್ದವರನ್ನು ರಟ್ಟೆ ಹಿಡಿದು ಇಳಿಸಿದ್ದೇನೆ. ಅದಕ್ಕೆಲ್ಲ ನನಗೆ ಹೇಸಿಗೆಯಾಗುವುದಿಲ್ಲ, ಅದು ಹೊಟ್ಟೆಪಾಡು. ಟಿಕೆಟ್ ಹರಿಸಿಕೊಂಡಾದ ಮೇಲೆ ಒಳಜೇಬಿನಿಂದ ಕರ್ಚೀಫಿನ ಗಂಟು ತೆಗೆದು, ಆಚೆ ಈಚೆ ನೋಡಿ, ಇದಕ್ಕೆ ಎಷ್ಟು ಲಕ್ಷ ಬರುತ್ತದೆ ಹೇಳಿ ಮೇಡಂ ಎಂದು ಪಿಸುಗುಟ್ಟುವವರನ್ನು ಕಂಡರೆ ಮಾತ್ರ ಹೇಸಿಗೆಯಾಗುತ್ತದೆ.

ನಾನು ಕಂಡಕ್ಟರ್. ಮನೆ ದೇವದುರ್ಗದಲ್ಲಿ. ಹೆಚ್ಚಾಗಿ ರಾಯಚೂರು–ದೇವದುರ್ಗ–ಜಾಲಹಳ್ಳಿ ದಾರಿ, ಒಮ್ಮೊಮ್ಮೆ ಮಾನ್ವಿ ಕಡೆಗೂ ಹಾಕುತ್ತಾರೆ. ಟಂಕಸಾಲೆಯಲ್ಲಿ ತಪ್ಪಾಗಿ ಅಚ್ಚಾದ ನಾಣ್ಯಗಳನ್ನು ಗುರುತು ಹಿಡಿಯುವುದು ನನಗಿರುವ ಒಂದೇ ಹುಚ್ಚು. ಮೊದಲು ಇದು ಯಾರಿಗೂ ಬೇಡವಾಗಿತ್ತು. ಮೊಬೈಲಿನಲ್ಲಿ "ನಿಮ್ಮ ಮನೆಯಲ್ಲಿ ಈ ನಾಣ್ಯ ಇದೆಯೇ" ಎಂದು ಕೂಗುವ ವಿಡಿಯೊಗಳು ಬಂದವು ನೋಡಿ, ಅವತ್ತಿನಿಂದ ನನ್ನ ಬಸ್ಸು ಸಂತೆಯಾಯಿತು. ಒಬ್ಬ ಮಹಾರಾಯ ಐದು ರೂಪಾಯಿಯನ್ನು ರೈಲು ಹಳಿಯ ಮೇಲಿಟ್ಟು ಅಪ್ಪಚ್ಚಿ ಮಾಡಿಸಿ ತಂದಿದ್ದ. ಇನ್ನೊಬ್ಬ ಒಲೆಯಲ್ಲಿ ಸುಟ್ಟು ಬಣ್ಣ ತಿರುಗಿಸಿ ತಂದಿದ್ದ. ಸುಳ್ಳು ಎಂದು ಹೇಳಿದರೆ, ಹೇಳಿದ ನನ್ನನ್ನೇ ಕಳ್ಳಿಯನ್ನು ನೋಡುವ ಹಾಗೆ ನೋಡುತ್ತಾರೆ. ಆಸೆ ಯಾರಿಗಿಲ್ಲ, ಇರಲಿ. ಆದರೆ ಆಸೆಗೆ ಬಿದ್ದ ಮನುಷ್ಯನ ಬಾಯಿಂದ ಒಂದು ವಾಸನೆ ಬರುತ್ತದೆ, ಅದನ್ನು ದಿನವಿಡೀ ಸಹಿಸುವುದು ಕಷ್ಟ.

ಈ ಹುಚ್ಚು ಹಿಡಿಸಿದ್ದು ರಾಯಚೂರಿನ ಮಾರ್ಕೆಟ್ಟಿನಲ್ಲಿ ಬೀಗ, ಕೀಲಿಕೈ ಮಾರುವ ಒಬ್ಬ ಚಾಚಾ. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ, ಗಡಿಯಾಚೆಯ ಗಿರಾಕಿ ಬಂದರೆ ತೆಲುಗು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನ ಅಂಗಡಿಗೆ ಚಿಲ್ಲರೆ ಕೊಡಲು ಹೋಗುತ್ತಿದ್ದೆ. ಒಂದು ದಿನ ನಾನು ಸುರಿದ ಚಿಲ್ಲರೆಯಿಂದ ಒಂದು ನಾಣ್ಯವನ್ನು ಬೆರಳ ತುದಿಯಲ್ಲಿ ಈಚೆಗೆ ತಳ್ಳಿ, ಇದನ್ನು ಬಿಡಬೇಡ, ನೀನೇ ಇಟ್ಟುಕೋ ಎಂದ. ಅದರ ಮೇಲೆ ಕೂದಲೆಳೆಯಷ್ಟು ಒಂದು ಗೆರೆ. ಗೀರು ಬಿದ್ದಿದೆ ಎಂದೆ. ಉಗುರಿನಿಂದ ಸವರಿ ನೋಡು ಎಂದ. ಸವರಿದರೆ ಗೆರೆ ತಗ್ಗಾಗಿರಲಿಲ್ಲ, ಉಬ್ಬಿತ್ತು.

"ನಾಣ್ಯಕ್ಕ ಎರಡ ಜಲ್ಮ ಅದಾವ ಬೇಟಿ," ಅಂದ. "ಟಂಕಸಾಲಿ ಒಳಗ ಒಂದು, ಹೊರಗ ಒಂದು. ತಪ್ಪು ಅಂದ್ರ ಒಳಗ ಆಗಿದ್ದು. ಹೊರಗ ಆಗಿದ್ದೆಲ್ಲಾ ಗಾಯ."

ಆಮೇಲೆ ಬಿಡಿಸಿ ಹೇಳಿದ. ಎರಡು ಅಚ್ಚಿನ ನಡುವೆ ಲೋಹದ ಬಿಲ್ಲೆ ಇಟ್ಟು ಒತ್ತುತ್ತಾರೆ. ಅಚ್ಚು ಬಿರುಕು ಬಿಟ್ಟಿದ್ದರೆ ಲೋಹ ಆ ಬಿರುಕಿಗೆ ನುಗ್ಗುತ್ತದೆ. ಹಾಗಾಗಿ ನಾಣ್ಯದ ಮೇಲೆ ಗೆರೆ ಉಬ್ಬುತ್ತದೆ. ಆ ಅಚ್ಚಿನಿಂದ ಬಂದ ನಾಣ್ಯಗಳಿಗೆಲ್ಲ ಅದೇ ಗೆರೆ, ಒಂದೇ ತಾಯಿಯ ಮಕ್ಕಳಿಗೆ ಒಂದೇ ಮೂಗು ಇರುವ ಹಾಗೆ. ಬಿಲ್ಲೆ ಪಕ್ಕಕ್ಕೆ ಸರಿದು ಕೂತಿದ್ದರೆ ಚಿತ್ರ ಅಂಚಿಗೆ ಸರಿಯುತ್ತದೆ: ಒಂದು ಕಡೆ ಚಿತ್ರವೇ ಇಲ್ಲದ ಬಯಲು, ಎದುರು ಕಡೆ ಚಿತ್ರ ಅಂಚಿನಾಚೆ ಹೋಗಿ ಮಾಯ. ಇದನ್ನು ಕೇಳಿದ ಮೇಲೆ ನನ್ನ ಚೀಲದ ಚಿಲ್ಲರೆ ನನಗೆ ಚಿಲ್ಲರೆಯಾಗಿ ಉಳಿಯಲಿಲ್ಲ. ಸಿಕ್ಕಿದ್ದಕ್ಕೆ ನನ್ನ ಕೈಯಿಂದ ಬೇರೆ ನಾಣ್ಯ ಹಾಕಿ ತೆಗೆದಿಡತೊಡಗಿದೆ.

ಹಾಗೆ ಸಿಕ್ಕಿದ್ದರಲ್ಲಿ ಒಂದು ಅಂಗೈ ತುಂಬುವಂಥ ಹಳೆಯ ಒಂದು ರೂಪಾಯಿ. ಚಿತ್ರ ಅಂಚಿಗೆ ಸರಿದು, ಒಂದು ಕಡೆ ಉಗುರಿನ ಚಂದ್ರದಂಥ ಬಯಲು ಉಳಿದಿತ್ತು. ಅದು ಸಾಲದೆಂದು ಅಚ್ಚಿನ ಬಿರುಕೂ ಇತ್ತು: ಜೋಳದ ತೆನೆಯಂತೆ ಕಾಣುವ ತೆನೆಯ ಬುಡದಿಂದ ಅಂಚಿನವರೆಗೆ ಓಡಿದ ಉಬ್ಬು ಗೆರೆ. ಎರಡು ತಪ್ಪು ಒಂದೇ ನಾಣ್ಯದಲ್ಲಿ. ಚಾಚಾ ಅದನ್ನು ಕಣ್ಣಿಗೊತ್ತಿಕೊಂಡ. ನಾನು ಅದನ್ನು ನಮ್ಮೂರು ಜಾಲಹಳ್ಳಿಗೆ ಒಯ್ದು ಅಪ್ಪನಿಗೆ ಕೊಟ್ಟೆ.

ಅಪ್ಪ ಕುರಿ ಕಾಯುವವನು. ಆಗಲೇ ಕಣ್ಣು ಮಂಜಾಗಿದ್ದವು. ನಾಣ್ಯದ ಮೇಲೆ ಹೆಬ್ಬೆರಳಾಡಿಸಿ, ಬಯಲು ಉಳಿದ ಕಡೆ ನಿಲ್ಲಿಸಿ, "ಇದು ನನ್ನಂಗ ಅದ. ದಾರಿ ಬಿಟ್ಟು ಹೊಲದಂಚಿಗಿ ಹೊಂಟದ," ಎಂದು ನಕ್ಕ. ಅವತ್ತಿನಿಂದ ಅದು ಎಲೆಅಡಿಕೆಯ ಸಂಚಿ ಬಿಟ್ಟು ಹೊರಗೆ ಬರಲಿಲ್ಲ. ಮಾತಾಡುವಾಗ ಕೈ ಸಂಚಿಯೊಳಗೇ ಇರುತ್ತಿತ್ತು.

ಅಪ್ಪನ ಬಗ್ಗೆ ನನಗಿರುವ ಮೊದಲ ನೆನಪು ಮಾತ್ರ ಹೇಸಿಗೆಯದು. ಮರಿ ಸತ್ತ ಕುರಿಯೊಂದು ಕೆಚ್ಚಲು ಬಿಗಿದು ಒದರುತ್ತಿತ್ತು. ತಾಯಿ ಸತ್ತ ಮರಿಯೊಂದು ಇತ್ತು, ಅದನ್ನು ಈ ಕುರಿ ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಅಪ್ಪ ಸತ್ತ ಮರಿಯ ತೊಗಲು ಸುಲಿದು, ಅಂಗಿ ತೊಡಿಸಿದ ಹಾಗೆ ಬದುಕಿದ್ದ ಮರಿಗೆ ಹೊದಿಸಿ ಕಟ್ಟಿದ. ಕುರಿ ಮೂಸಿ ನೋಡಿತು, ಮತ್ತೆ ಮೂಸಿತು, ಸುಮ್ಮನೆ ನಿಂತು ಹಾಲು ಬಿಟ್ಟಿತು. ಇದಕ್ಕೆ ಮರಿ ಹಚ್ಚುವುದು ಅನ್ನುತ್ತಾರೆ. ಕೆಲವು ದಿನ ಬಿಟ್ಟು ತೊಗಲು ಕೊಳೆತು ನಾರತೊಡಗಿದಾಗ ಬಿಚ್ಚಿ ಎಸೆದರು. ಅಷ್ಟರಲ್ಲಿ ಕುರಿಗೆ ಮರಿ ತನ್ನದಾಗಿತ್ತು. ನಾನು ಆ ವಾಸನೆಗೆ ಗೋಡೆ ಹಿಡಿದು ಕಾರಿಕೊಂಡೆ. ಕುರಿಯನ್ನು ಮೋಸ ಮಾಡಿದರಲ್ಲ ಎಂದು ಅತ್ತದ್ದೂ ನೆನಪಿದೆ. ಆಮೇಲೆ ಬಹಳ ದಿನ ಅಪ್ಪನ ಕೈಯಿಂದ ರೊಟ್ಟಿ ಮುರಿಸಿಕೊಳ್ಳಲಿಲ್ಲ.

ಅಪ್ಪ ತೀರಿಕೊಂಡಾಗ ನನ್ನ ತಮ್ಮ ಆ ರೂಪಾಯಿಯನ್ನು ಸಂಚಿಯಿಂದ ತೆಗೆದು ಹಣೆಗೆ ಅಂಟಿಸಿದ. ಸತ್ತವರ ಹಣೆಗೆ ನಾಣ್ಯ ಹಚ್ಚುವುದು ಎಷ್ಟೋ ಕಡೆ ಉಂಟು. ನಮ್ಮ ಮನೆತನದಲ್ಲಿ ಮಣ್ಣಿಗಿಡುವ ಮುಂಚೆ ಅದನ್ನು ತೆಗೆದು ತಂದು ದೇವರ ಜಗುಲಿಯ ಮೇಲೆ ಇಡುತ್ತಾರೆ. ಅಲ್ಲಿಂದ ಮುಂದೆ ಆ ನಾಣ್ಯವೇ ಆ ಮನುಷ್ಯ. ಅಮಾವಾಸ್ಯೆಗೊಮ್ಮೆ ಹಾಲು ಹಾಕಿ ತೊಳೆದು ಅರಿಶಿನದ ಭಂಡಾರ ಹಚ್ಚುತ್ತಾರೆ. ಅವ್ವ ಅದನ್ನು ನಾಣ್ಯ ಅಂದದ್ದನ್ನು ನಾನು ಕೇಳಿಲ್ಲ. ನಿಮ್ಮಪ್ಪ ಅನ್ನುತ್ತಾಳೆ. ಅಪ್ಪನ ಒಂದು ಫೋಟೊ ಕೂಡ ಮನೆಯಲ್ಲಿಲ್ಲ. ಆಧಾರ್ ಕಾರ್ಡಿನಲ್ಲಿರುವ ಮುಖ ಯಾರದೋ ದೇವರೇ ಬಲ್ಲ. ಅವ್ವನಿಗೆ ಉಳಿದಿರುವ ಅಪ್ಪ ಅದೊಂದೇ.

ಈ ಸಲದ ಮಾನವಮಿ ಅಮಾವಾಸ್ಯೆಗೆ, ಅಂದರೆ ಹಿರಿಯರಿಗೆ ಎಡೆ ಇಡುವ ಹಬ್ಬಕ್ಕೆ, ರಜೆ ಹಾಕಿ ಒಂದು ದಿನ ಮೊದಲೇ ಜಾಲಹಳ್ಳಿಗೆ ಹೋದೆ. ಯುಗಾದಿಯ ನಂತರ ಡ್ಯೂಟಿಯ ಗದ್ದಲದಲ್ಲಿ ಹೋಗಲು ಆಗಿರಲಿಲ್ಲ. ಅವ್ವ ಅಂಗಳ ಸಾರಿಸುತ್ತಿದ್ದಳು. ನಾನು ಜಗುಲಿ ಒರೆಸಲು ಕೂತೆ. ಅಪ್ಪನನ್ನು ಎತ್ತಿಕೊಂಡೆ. ಬೆರಳಿಗೆ ಅಂಚು ಚುರುಕೆಂದು ಕಚ್ಚಿತು.

ಅಪ್ಪನ ಅಂಚು ಹಾಗೆ ಕಚ್ಚುವಂಥದ್ದಲ್ಲ, ಸವೆದು ನುಣ್ಣಗಾಗಿತ್ತು. ಸೆರಗಿನಿಂದ ಭಂಡಾರ ಒರೆಸಿದೆ. ಒಂದು ಕಡೆ ಬಯಲು ಇತ್ತು, ನಿಜ. ಆದರೆ ಚಿತ್ರ ಸರಿದಿರಲಿಲ್ಲ. ನಡುವೆ ಎಲ್ಲಿರಬೇಕೋ ಅಲ್ಲೇ ಕೂತಿತ್ತು. ಬಯಲಿನ ಮೇಲೆ ಓರೆಯಾಗಿ ಅರದಿಂದ ಉಜ್ಜಿದ ಗೀರುಗಳು. ತೆನೆಯ ಬುಡದ ಗೆರೆ ಇತ್ತು, ಉಗುರು ಇಟ್ಟರೆ ತಗ್ಗಿಗೆ ಇಳಿಯಿತು. ಯಾರೋ ಸೂಜಿಯಿಂದ ಕೊರೆದದ್ದು. ಯಾವುದೋ ಸಾದಾ ರೂಪಾಯಿಯನ್ನು ಉಜ್ಜಿ ಅಪ್ಪನನ್ನು ಮಾಡಿದ್ದರು. ಇದಕ್ಕೆ ಅವ್ವ ಪ್ರತಿ ಅಮಾವಾಸ್ಯೆ ಹಾಲು ಹಾಕಿದ್ದಾಳೆ, ಸೆರಗೊಡ್ಡಿ ಬೇಡಿಕೊಂಡಿದ್ದಾಳೆ. ಎದ್ದು ಬಚ್ಚಲಿಗೆ ಹೋಗಿ ಉಗಿದು ಬಂದೆ.

ತಮ್ಮ ಶಕ್ತಿನಗರದಲ್ಲಿ ಗುತ್ತಿಗೆ ಕೆಲಸ ಮಾಡುತ್ತಾನೆ, ಹಬ್ಬಕ್ಕೆಂದು ಸಂಜೆ ಬಂದ. ಅವ್ವನ ಕಿವಿಗೆ ಬೀಳದ ಹಾಗೆ ಅವನನ್ನು ಕುರಿಹಟ್ಟಿಯ ಹಿಂದಕ್ಕೆ ಕರೆದೊಯ್ದೆ. ಅಂಗೈ ಬಿಚ್ಚಿ ತೋರಿಸಿ, ಇದು ಸುಳ್ಳು, ನಿಜವಾದದ್ದು ಎಲ್ಲಿ ಎಂದೆ. ಅವನ ಮುಖದ ಬಣ್ಣ ಇಳಿದುಹೋಯಿತು. ಸುಳ್ಳು ಎಂಬುದು ಅವನಿಗೂ ಆಗಲೇ ಗೊತ್ತಾದದ್ದು. ಯುಗಾದಿ ಆದ ಮೇಲೆ, ಜೊತೆಯವರು ತೋರಿಸಿದ ವಿಡಿಯೊ ನೋಡಿ, ಅವ್ವ ಹೊಲಕ್ಕೆ ಹೋದಾಗ ನಾಣ್ಯ ತೆಗೆದುಕೊಂಡು ಮಾನ್ವಿಯ ಒಬ್ಬ ವ್ಯಾಪಾರಿಯ ಹತ್ತಿರ ಹೋಗಿದ್ದನಂತೆ. ಒಂದು ದಿನ ಬಿಟ್ಟು ಹೋಗು, ಮಷಿನ್ನಿಗೆ ಹಾಕಿ ನೋಡುತ್ತೇನೆ ಅಂದನಂತೆ ಆ ವ್ಯಾಪಾರಿ. ಮರುದಿನ ಹೋದರೆ, ಇದಕ್ಕೆ ಕಿಮ್ಮತ್ತಿಲ್ಲ ಎಂದು ಕೈಗಿಟ್ಟನಂತೆ. ಇವನು ಅದನ್ನೇ ತಂದು ಜಗುಲಿಯ ಮೇಲಿಟ್ಟು, ಪೀಡೆ ಕಳೆಯಿತೆಂದು ಕೈಮುಗಿದನಂತೆ.

"ಮಾರೂದಿದ್ದಿಲ್ಲಕ್ಕಾ," ಅಂದ. "ಬರೇ ಕಿಮ್ಮತ್ತ ಕೇಳೂದಿತ್ತು."

"ಅಪ್ಪನ ಕಿಮ್ಮತ್ತ ಕೇಳಾಕ ಆತನ್ನ ಒಂದ ರಾತ್ರಿ ಯಾವನೋ ಅಂಗಡ್ಯಾಗ ಬಿಟ್ಟ ಬಂದೇನು?"

ಅವನು ಕುಕ್ಕರಗಾಲಲ್ಲಿ ಕೂತುಬಿಟ್ಟ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಅವನ ಮೇಲೆ ಕರುಣೆ ಬರಬೇಕಿತ್ತೋ ಏನೋ. ಬರಲಿಲ್ಲ. ಬಸ್ಸಿನಲ್ಲಿ ಕರ್ಚೀಫಿನ ಗಂಟು ಬಿಚ್ಚುವವರ ಕಣ್ಣಿನಲ್ಲಿ ಇರುವುದೇ ಇವನ ಕಣ್ಣಿನಲ್ಲಿಯೂ ಒಂದು ದಿನ ಇತ್ತಲ್ಲ. ನಮ್ಮ ಮನೆಗೂ ಬಂತಲ್ಲ ಈ ರೋಗ.

ಮರುದಿನ ಮೊದಲ ಬಸ್ಸಿಗೇ ಹೊರಟೆ. ದೇವದುರ್ಗದಲ್ಲಿ ಕೆಲಸವಿದೆ, ಎಡೆ ಇಡುವ ಹೊತ್ತಿಗೆ ಬರುತ್ತೇನೆ ಎಂದು ಅವ್ವನಿಗೆ ಹೇಳಿದೆ. ಸುಳ್ಳು ರೂಪಾಯಿಯನ್ನು ಪರ್ಸಿನಲ್ಲಿ ಬೇರೆ ದುಡ್ಡಿನ ಜೊತೆ ಸೇರಿಸಲು ಮನಸ್ಸಾಗದೆ ಒಂದು ಹಳೆ ಟಿಕೆಟ್ಟಿನಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ನಿಜವಾದದ್ದು ಸಿಗುತ್ತದೆಂಬ ನಂಬಿಕೆ ಇರಲಿಲ್ಲ. ಆರು ತಿಂಗಳು ಯಾವ ಕಳ್ಳ ಕದ್ದ ಮಾಲು ಇಟ್ಟುಕೊಳ್ಳುತ್ತಾನೆ?

ಮಾನ್ವಿಯಲ್ಲಿ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಅದೊಂದು ಮೊಬೈಲ್ ರಿಪೇರಿ ಅಂಗಡಿ, ಹೊರಗೆ ಹಳೆ ನಾಣ್ಯ ಕೊಳ್ಳುತ್ತೇವೆ ಎಂಬ ಬೋರ್ಡು. ಒಳಗಿನ ಮೂಲೆಯೆಲ್ಲ ಗುಟ್ಕಾ ಉಗುಳಿ ಕೆಂಪಾಗಿತ್ತು. ಟೇಬಲ್ಲಿಗೆ ಬಿಗಿದ ಸಣ್ಣ ತಿರುಪಿನ ಇಕ್ಕಳ, ಪಕ್ಕದಲ್ಲಿ ಅರ, ಪ್ಲಾಸ್ಟಿಕ್ ಮಗ್ಗಿನಲ್ಲಿ ಆಸಿಡ್. ಆ ಆಸಿಡ್ಡಿನಲ್ಲಿ ಯಾರ ಮನೆಯ ಜಗುಲಿಯ ನಾಣ್ಯಗಳೋ ಗುಳ್ಳೆ ಬಿಡುತ್ತಾ ಬಿದ್ದಿದ್ದವು. ಎದುರಿನ ಬೆಂಚಿನ ಮೇಲೆ ಹಬ್ಬದ ದಿನವೂ ಬಿಡದೆ ಬಂದ ಜನ, ಎಲ್ಲರ ತೊಡೆಯ ಮೇಲೂ ಒಂದೊಂದು ಗಂಟು. ಎಲ್ಲಿ ನೋಡಿದರೂ ಅದೇ ಕಣ್ಣು.

ವ್ಯಾಪಾರಿ ನನ್ನನ್ನೂ ಗಿರಾಕಿ ಎಂದುಕೊಂಡು ಕೆಂಪು ಮಖಮಲ್ಲಿನ ತಟ್ಟೆ ಮುಂದಿಟ್ಟ. ತಟ್ಟೆಯ ತುಂಬ ಸುಳ್ಳು. ಎರಡು ನಾಣ್ಯವನ್ನು ಇಕ್ಕಳದಲ್ಲಿ ಸೇರಿಸಿ ಒತ್ತಿ, ಒಂದರ ಚಿತ್ರ ಇನ್ನೊಂದರಲ್ಲಿ ತಿರುಗಾಮುರುಗಾ ಮೂಡಿಸಿ, ಟಂಕಸಾಲೆಯ ತಪ್ಪು ಎಂದು ಇಟ್ಟಿದ್ದ. ಅಂಚು ಕತ್ತರಿಸಿದ್ದು, ತೂತು ಹೊಡೆದದ್ದು, ಅಂಟಿಸಿದ್ದು. ಅವುಗಳ ನಡುವೆ, ಪ್ಲಾಸ್ಟಿಕ್ ಪೊಟ್ಟಣದಲ್ಲಿ, ಅಪ್ಪ.

ಗುರುತು ಹಿಡಿಯಲು ಭೂತಕನ್ನಡಿ ಬೇಕಾಗಲಿಲ್ಲ. ಸರಿದ ಚಿತ್ರ, ತೆನೆಯ ಬುಡದಿಂದ ಓಡಿದ ಉಬ್ಬು ಗೆರೆ. ಆದರೆ ಭಂಡಾರವಿಲ್ಲ, ಅಪ್ಪನ ಹೆಬ್ಬೆರಳಿನ ಕಪ್ಪು ಇಲ್ಲ. ಆಸಿಡ್ಡಿನಲ್ಲಿ ಅದ್ದಿ ತೆಗೆದು ಬೆಳ್ಳಗೆ ಮಾಡಿದ್ದ, ತೊಗಲು ಸುಲಿದ ಮರಿಯ ಹಾಗೆ. ಇದು ಮಾರುವುದಕ್ಕಲ್ಲ, ಹೈದರಾಬಾದಿನಿಂದ ತರಿಸಿದ್ದು ಎಂದ ವ್ಯಾಪಾರಿ. ಆಗ ತಿಳಿಯಿತು, ಅದನ್ನು ಯಾಕೆ ಉಳಿಸಿಕೊಂಡಿದ್ದಾನೆಂದು. ನಿಜವಾದದ್ದೊಂದನ್ನು ತೋರಿಸಿ ಸುಳ್ಳುಗಳನ್ನೆಲ್ಲ ಸಾಗಿಸುತ್ತಿದ್ದ. ನಮ್ಮಪ್ಪನನ್ನು ಗಾಳಕ್ಕೆ ಚುಚ್ಚಿದ ಎರೆಹುಳ ಮಾಡಿದ್ದ.

ನಾನು ಟಿಕೆಟ್ಟಿನ ಸುತ್ತು ಬಿಚ್ಚಿ ಅವನ ಅರದ ಕೆಲಸವನ್ನು ಅಪ್ಪನ ಪಕ್ಕದಲ್ಲಿಟ್ಟೆ. ಅವನು ಎರಡನ್ನೂ ನೋಡಿದ, ನನ್ನ ಮುಖ ನೋಡಿದ, ಬೆಂಚಿನ ಕಡೆ ನೋಡಿದ. ತುಂಬಿದ ಬಸ್ಸಿನಲ್ಲಿ ಹಿಂದಿನ ಸೀಟಿನವರೆಗೆ ಕೂಗಿ ಪಳಗಿದ ಗಂಟಲು ನನ್ನದು. ಅದನ್ನು ತೆರೆಯುವ ಮೊದಲೇ ಅವನು ಪೊಟ್ಟಣವನ್ನು ನನ್ನ ಕಡೆ ಸರಿಸಿ, ತಗ್ಗಿದ ದನಿಯಲ್ಲಿ, ಅಕ್ಕಾರ, ತಗೊಂಡು ಸುಮ್ಮನೆ ಹೋಗಿಬಿಡ್ರಿ ಅಂದ.

ಎರಡನ್ನೂ ತೆಗೆದುಕೊಂಡೆ. ಸುಮ್ಮನೆ ಮಾತ್ರ ಹೋಗಲಿಲ್ಲ. ಬೆಂಚಿನ ಕಡೆ ತಿರುಗಿ, ಈ ತಟ್ಟೆಯಲ್ಲಿರುವುದೆಲ್ಲ ಇಲ್ಲೇ ಈ ಇಕ್ಕಳದಲ್ಲಿ ಹುಟ್ಟಿದ್ದು, ನಿಮ್ಮ ಮನೆಯ ನಾಣ್ಯ ಮನೆಗೆ ಒಯ್ಯಿರಿ, ಒಂದು ರಾತ್ರಿ ಬಿಟ್ಟು ಹೋದರೆ ಬದಲಾಗುತ್ತವೆ ಎಂದೆ. ಗೀರು ಹೇಗಿರುತ್ತದೆ, ಗೆರೆ ಹೇಗಿರುತ್ತದೆ, ಉಗುರಿನಿಂದ ಸವರಿ ತೋರಿಸಿದೆ. ಯಾರೂ ಏಳಲಿಲ್ಲ. ನನ್ನ ಬಸ್ಸಿನಲ್ಲಿ ಓಡಾಡುವ ಕಲ್ಲೂರಿನ ಒಬ್ಬ ಹಿರಿಯ ಗಂಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

"ನಿಮ್ದು ನಿಮಗ ಸಿಕ್ತಲ್ರೀ ಮೇಡಂ," ಅಂದ. "ನಮ್ಮ ದೈವಕ್ಕ ಯಾಕ ಕಲ್ಲ ಹಾಕ್ತೀರಿ?"

ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಎಂದು ಸುಮ್ಮನೆ ಅಂದಿಲ್ಲ ಹಿರಿಯರು. ಹೊರಗೆ ಬಂದು ಚರಂಡಿಯ ಪಕ್ಕ ನಿಂತು ಉಸಿರು ಬಿಟ್ಟೆ. ಮೋಸ ಮಾಡುವವನಿಗಿಂತ ಮೋಸ ಹೋಗಲು ಸರದಿ ಹಚ್ಚಿ ಕೂತವರೇ ನನಗೆ ಹೆಚ್ಚು ಹೇಸಿಗೆ ಹುಟ್ಟಿಸಿದರು. ಸುಳ್ಳು ರೂಪಾಯಿಯನ್ನು ಆ ಚರಂಡಿಗೇ ಎಸೆಯಲು ಕೈ ಎತ್ತಿದೆ. ತಮ್ಮನ ಮುಖಕ್ಕೊಮ್ಮೆ ಹಿಡಿದು ಆಮೇಲೆ ಎಸೆದರಾಯಿತೆಂದು ಮತ್ತೆ ಸುತ್ತಿಟ್ಟುಕೊಂಡೆ.

ಜಾಲಹಳ್ಳಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಎಡೆ ಸಿದ್ಧವಾಗಿತ್ತು: ಹೋಳಿಗೆ, ಕಡುಬು, ಅಪ್ಪನಿಗೆಂದು ಎಲೆಅಡಿಕೆ. ಅವ್ವ ಹಾಲಿನ ಬಟ್ಟಲು ಮುಂದಿಟ್ಟುಕೊಂಡು ಖಾಲಿ ಜಗುಲಿಯ ಎದುರು ಕೂತಿದ್ದಳು. ತಮ್ಮ ಬಾಗಿಲ ಹೊರಗೆ ನೆಲ ನೋಡುತ್ತ ನಿಂತಿದ್ದ. ನಿಮ್ಮಪ್ಪನನ್ನು ಎಲ್ಲಿಗೆ ಕರೆದೊಯ್ದಿದ್ದೆ ಎಂದು ಅವ್ವ ಕೇಳಿದಳು. ಬೈಗುಳವೇನೂ ಇರಲಿಲ್ಲ ದನಿಯಲ್ಲಿ. ನಾನು ನಿಜವಾದದ್ದನ್ನು ಅವಳ ಅಂಗೈಗಿಟ್ಟೆ. ಅವಳು ಹೆಬ್ಬೆರಳು ಆಡಿಸಿದಳು, ಅಪ್ಪ ಆಡಿಸುತ್ತಿದ್ದ ಹಾಗೆಯೇ, ಬಯಲು ಉಳಿದ ಕಡೆ ನಿಲ್ಲಿಸಿದಳು. ಗೆದ್ದೆ ಅಂದುಕೊಂಡೆ.

"ಇದು ಖರೇ ಆತಂದಾ," ಅಂದಳು. "ಇನ್ನೊಂದೆಲ್ಲಿ?"

ಎರಡು ಬೆರಳಲ್ಲಿ ಹಿಡಿದು ತೆಗೆದು ಕೊಟ್ಟೆ. ಅವ್ವ ಅದನ್ನು ಸೆರಗಿನಿಂದ ಒರೆಸಿ, ಹಾಲಿನ ಬಟ್ಟಲಿಗೆ ಬಿಟ್ಟಳು. ನಾನು ತಡೆಯಲು ಕೈ ಹಾಕಿದೆ. ಅದನ್ನು ಎಲ್ಲಿ ಮಾಡಿದ್ದಾರೆ, ಎಂಥ ಉಗುಳಿನ ಪಕ್ಕದಲ್ಲಿ ಉಜ್ಜಿದ್ದಾರೆ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ತಮ್ಮ ಹೊರಗೆ ಗೋಡೆಗೆ ಹಣೆ ಹಚ್ಚಿ ನಿಂತ. ಅವ್ವ ನಾನು ಮುಗಿಸುವವರೆಗೂ ಕಾದಳು.

"ಮದಲನೇ ಅಮಾಸಿಗೇ ಗೊತ್ತಾತು, ಅಂಚು ಬೆರಳಿಗಿ ಕಡೀತು," ಅಂದಳು. "ಹಂಗಂತ ಹಾಲು ಬಿಡಸಲೇನು? ಮರಿ ಹಚ್ಚಿದ ಮ್ಯಾಲ ತೊಗಲು ಬಿಚ್ಚಿ ನೋಡಬಾರದವ್ವಾ. ಕುಡದದ್ದು ಇದು. ಇನ್ನ ಇದಾ ಈ ಮನೀದು."

ಅಷ್ಟು ತಿಂಗಳು ಅವಳು ಬಾಯಿ ಬಿಡದೆ ಇದ್ದಳು. ಯಾರು ಬದಲಿಸಿದರೆಂದು ಕೇಳಿದ್ದರೆ ಮಗನ ಹೆಸರು ಹೊರಗೆ ಬೀಳುತ್ತಿತ್ತು. ಈಗಲೂ ಕೇಳಲಿಲ್ಲ. ಹಾಲಿನಿಂದ ನಾಣ್ಯ ತೆಗೆದು, ಬಾಗಿಲ ಕಡೆ ನೋಡಿ, "ಬಾರಪಾ, ನಿನ್ನ ಕೈಯಾಗ ಇಡು," ಎಂದಳಷ್ಟೆ. ತಮ್ಮ ಒಳಗೆ ಬಂದ. ಅವನು ಇಟ್ಟ ನಾಣ್ಯ ಜಗುಲಿಯ ಮೇಲೆ ನಿಲ್ಲದೆ ಒಮ್ಮೆ ಉರುಳಿತು. ಅವ್ವ ಅವನ ಕೈ ಹಿಡಿದು ಇಡಿಸಿದಳು.

ನಿಜವಾದದ್ದನ್ನು ಅವಳು ನನ್ನ ಅಂಗೈಗೆ ಹಾಕಿ ಬೆರಳು ಮಡಚಿದಳು.

"ನಿನ್ನ ಚೀಲದಾಗ ಇರಲಿ," ಅಂದಳು. "ಆತಗ ಮದಲಿಂದ ಮನ್ಯಾಗ ಕುಂದ್ರೂದು ಸೇರ್ತಿದ್ದಿಲ್ಲ."

ಆಮೇಲೆ ಎಲ್ಲರೂ ಅಡ್ಡಬಿದ್ದರು. ನಾನೂ ಬಿದ್ದೆ. ಹಣೆ ಜಗುಲಿಗೆ ತಾಗಿದಾಗ ಆ ಅರ ಹಾಕಿದ ಅಂಚು ಕಣ್ಣಿನ ಮುಂದೆಯೇ ಇತ್ತು, ಗೀರುಗಳಲ್ಲಿ ಹಾಲು ನಿಂತಿತ್ತು. ಹೇಸಿಗೆ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೂಗಿಗೆ ಗುಟ್ಕಾ, ಆಸಿಡ್, ಅದರ ಹಿಂದೆ ಎಂದೋ ಬಿಚ್ಚಿ ಎಸೆದ ಆ ತೊಗಲಿನ ವಾಸನೆ. ಪಕ್ಕದಲ್ಲಿ ತಮ್ಮ ಬಿಕ್ಕುತ್ತಿದ್ದ. ಅವನು ಏಳುವವರೆಗೆ ನಾನೂ ಹಣೆ ಎತ್ತದೆ ಹಾಗೇ ಬಿದ್ದುಕೊಂಡಿದ್ದೆ, ಅಪ್ಪನನ್ನು ಮುಷ್ಟಿಯಲ್ಲಿ ಹಿಡಿದುಕೊಂಡು.